ಹುಣಸೆಹಣ್ಣು ತಿಂದ ನಳಿಗೆ

ನಮ್ಮೂರಿನಲ್ಲಿ ಯಾರದಾದರೂ ಎತ್ತಿನ ಕೋಡಿಗೆ ಬೆಳಗಾಗುವುದರೊಳಗೆ ಬದನೆಕಾಯಿ ಚುಚ್ಚಿದ್ದರೆ, ಯಾರದಾದರೂ ರುಮಾಲು ಬೇವಿನ ಮರದ ತುದಿಯಲ್ಲಿ ಹಾರಾಡುತ್ತಿದ್ದರೆ, ಜನ ಅಲ್ಲಿ ಇಲ್ಲಿ ವಿಚಾರಿಸುತ್ತಿರಲಿಲ್ಲ. ನೆಟ್ಟಗೆ ನಮ್ಮ ಮನೆಯ ಕಟ್ಟೆಗೆ ಬಂದು ನಿಲ್ಲುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಒಳಗಿನಿಂದ, "ಏನಾಗೈತೋ ಗೊತ್ತಿಲ್ರಿ, ಆದರ ಇವರ ಮಾಡ್ಯಾರ," ಎಂದು ಕೂಗಿ ಒಪ್ಪಿಸಿಬಿಡುತ್ತಿದ್ದಳು. ಯಲಬುರ್ಗಾ ಸೀಮೆಯಲ್ಲಿ ನನ್ನಂಥ ಕಿಡಿಗೇಡಿ ಇನ್ನೊಬ್ಬ ಹುಟ್ಟಲಿಲ್ಲ. ಹುಟ್ಟಿದ್ದರೆ ನನಗೆ ತಿಳಿಯುತ್ತಿತ್ತು. ಮೊದಲು ನನ್ನ ರುಮಾಲೇ ಮರ ಹತ್ತುತ್ತಿತ್ತು.

ಆದರೆ ಒಂದು ಕಿಡಿಗೇಡಿತನಕ್ಕೆ ಯಾರೂ ನನ್ನ ಕಟ್ಟೆಗೆ ಬರಲಿಲ್ಲ. ಯಾರಿಗೂ ನನ್ನ ಮೇಲೆ ಅನುಮಾನವೇ ಹುಟ್ಟಲಿಲ್ಲ. ಜೀವಮಾನದಲ್ಲಿ ಸಿಕ್ಕಿಬೀಳದೆ ಉಳಿದದ್ದು ಅದೊಂದೇ, ಮತ್ತು ಅದೊಂದರಿಂದಲೇ ನಾನು ಎರಡು ತಿಂಗಳು ರೊಟ್ಟಿ ಸೇರದೆ ಸೊರಗಿದೆ.

ಆಗ ನಿಜಾಮರ ಆಳ್ವಿಕೆ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ತಳಕಲ್ಲಿನಿಂದ ಒಂದು ಹರದಾರಿ ದೂರದ ನಮ್ಮೂರಿಗೆ ಇದ್ದದ್ದು ಒಂದೇ ಬಂದೂಕು. ಅದು ಕಾಕಾನದು. ಕಾಕಾ ನನಗೆ ರಕ್ತಸಂಬಂಧದ ಚಿಕ್ಕಪ್ಪನಲ್ಲ, ನಮ್ಮಪ್ಪನ ಗೆಳೆಯ. ಅಪ್ಪ ತೀರಿಕೊಂಡ ಮೇಲೆ ನನ್ನ ಬೆನ್ನಿಗೆ ಗುದ್ದುವ ಹಕ್ಕು ಊರಲ್ಲಿ ಅವನೊಬ್ಬನಿಗೇ ಉಳಿದಿತ್ತು, ಅದನ್ನು ಅವನು ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. ಬಂದೂಕು ಅವನಪ್ಪನ ಕಾಲದ್ದು, ಬಾಯಿಯ ಕಡೆಯಿಂದ ಮದ್ದು ತುಂಬುವಂಥದ್ದು. ಬಿತ್ತಿದ ಶೇಂಗಾ, ಎದೆಯೆತ್ತರದ ಜೋಳ ಹಂದಿಯ ಬಾಯಿಗೆ ಬೀಳದಂತೆ ಕಾಯಲೆಂದು ಸರಕಾರ ಪರವಾನಗಿ ಕೊಟ್ಟಿತ್ತು. ಆ ಉರ್ದು ಕಾಗದವನ್ನು ಕಾಕಾ ಬಿದಿರಿನ ಕೊಳವೆಯಲ್ಲಿ ಸುತ್ತಿಟ್ಟಿದ್ದ. ಅದನ್ನು ಓದಬಲ್ಲವರು ಊರಿನಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಎಲ್ಲರಿಗೂ ಅದರ ಮೇಲೆ ಭಾರೀ ಗೌರವ.

ಕಾಕಾ ಬಂದೂಕು ತುಂಬುವುದನ್ನು ನೋಡಬೇಕಿತ್ತು. ಆ ಹೊತ್ತಿಗೆ ಯಾರೂ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. "ಮದ್ದು," ಎಂದು ತನಗೆ ತಾನೇ ಹೇಳಿ ಮದ್ದು ಸುರಿಯುತ್ತಿದ್ದ. "ಚಿಂದಿ," ಎಂದು ಬಟ್ಟೆಯ ತುಂಡು ತುರುಕಿ ಗಜವೆಂಬ ಕಬ್ಬಿಣದ ಸರಳಿನಿಂದ ಮೂರು ಸಲ ಕುಟ್ಟುತ್ತಿದ್ದ. "ಗುಂಡು." ಮತ್ತೆ "ಚಿಂದಿ." ಗಜವನ್ನು ಎಳೆದು ಒರೆಸಿ ಇಟ್ಟ ಮೇಲೆ ಕೊನೆಗೆ "ಟೋಪಿ" ಎಂದು ಬಂದೂಕಿನ ಕುದುರೆ ಬಡಿಯುವಲ್ಲಿ, ಕಿಡಿ ಹಾರಿಸುವ ತಾಮ್ರದ ಪುಟ್ಟ ಟೋಪಿ ಕೂರಿಸುತ್ತಿದ್ದ. ಐದೇ ಮಾತು. ಮೂವತ್ತು ವರ್ಷದಲ್ಲಿ ಒಂದು ಮಾತು ಹಿಂದೆಮುಂದೆ ಆಗಿರಲಿಲ್ಲ.

ಯುಗಾದಿ ಮುಗಿದ ಮರುದಿನ ಊರಿನ ಗಂಡಸರೆಲ್ಲ ಬೇಟೆಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಹಂದಿ ಬಿದ್ದರೆ ಹಂಚುವುದಕ್ಕೂ ಒಂದು ರೀತಿ ಇತ್ತು. ಬಂದ ಆಳಿಗೊಂದು ಪಾಲು, ನಾಯಿಗಳಿಗೊಂದು ಪಾಲು, ಬಂದೂಕಿಗೊಂದು ಪಾಲು. ಕಾಕಾನ ಪಾಲು ಬೇರೆ, ಬಂದೂಕಿನ ಪಾಲು ಬೇರೆ. ಬಂದೂಕಿನ ಪಾಲನ್ನು ಅವನ ಹೆಂಡತಿ, ನಾವು ಕಾಕು ಎನ್ನುತ್ತಿದ್ದೆವು, ಬೇಯಿಸಿ ಮೊದಲು ಬಂದೂಕಿನ ಮುಂದಿಟ್ಟು ಊದಿನಕಡ್ಡಿ ಹಚ್ಚಿ ಆಮೇಲೆ ಬಡಿಸುತ್ತಿದ್ದಳು. ಆ ಪಾಲಿನ ಮೇಲೆ ನನಗೆ ಮೊದಲಿನಿಂದಲೂ ಕಣ್ಣು.

ಹಿಂದಿನ ವರ್ಷದ ಬೇಟೆಯಲ್ಲಿ ಕಾಕಾ ಒಂದೇ ಒಂದು ಸಲ ನನ್ನ ಕೈಗೆ ಬಂದೂಕು ಕೊಟ್ಟಿದ್ದ. ಮೊಲಕ್ಕೆ ಗುರಿಯಿಟ್ಟೆ. ಹೊಡೆತ ನಮ್ಮ ನೀರಿನ ಗಡಿಗೆಗೆ ಬಿತ್ತು. ಕಾಕಾ ಅದನ್ನು ವರ್ಷಪೂರ್ತಿ ಹೇಳಿದ. ಸಂತೆಯಲ್ಲಿ ಹೇಳಿದ, ಮದುವೆಯಲ್ಲಿ ಹೇಳಿದ, ನನ್ನ ಮಾವನ ಮನೆಯವರ ಮುಂದೆಯೂ ಹೇಳಿದ. "ನಮ್ಮ ಹುಡುಗ ಭಾಳ ಗುರಿಗಾರ. ಗಡಿಗಿ ಓಡಿ ಹೋಗಾಕತ್ತಿತ್ತು, ಒಂದ ಏಟಿಗೆ ಹೊಡದಾನ!" ಕಾಲು ಎಳೆಯುವುದು ನನ್ನ ಕಸುಬು. ಬೇರೆಯವರು ಅದಕ್ಕೆ ಕೈ ಹಾಕಿದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಆ ವರ್ಷದ ಬೇಟೆಯ ದಿನ, ಗುಡ್ಡದ ಬುಡದಲ್ಲಿ ಕಾಕಾ ಬಂದೂಕು ತುಂಬಿ, ಕಾರೆ ಕಂಟಿಗೆ ಒರಗಿಸಿ, ಹಳ್ಳದಲ್ಲಿ ಮುಖ ತೊಳೆಯಲು ಇಳಿದ. ಬಾಯಾರಿಕೆಗೆಂದು ನನ್ನ ಹೆಂಡತಿ ಹುಣಸೆಹಣ್ಣು, ಬೆಲ್ಲ ಕಟ್ಟಿಕೊಟ್ಟಿದ್ದಳು. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು ಉದ್ದಕ್ಕೆ ಹೊಸೆದು ಬಂದೂಕಿನ ನಳಿಗೆಯ ಬಾಯಲ್ಲಿಟ್ಟು, ಕಡ್ಡಿಯಿಂದ ಒಂದು ಗೇಣು ಒಳಗೆ ತಳ್ಳಿದೆ. ನನ್ನ ಲೆಕ್ಕ ಹೀಗಿತ್ತು: ಕಾಕಾ ಹಂದಿಗೆ ಗುರಿಯಿಡುತ್ತಾನೆ, ಬಂದೂಕು ಟುಸ್ ಎನ್ನುತ್ತದೆ, ಗುಂಡು ಅವನ ಕಾಲ ಬುಡದಲ್ಲೇ ಉದುರುತ್ತದೆ, ಗಡಿಗೆಯ ಕತೆಗೆ ಸರಿಜೋಡಿ ಸಿಗುತ್ತದೆ.

ಬಂದೂಕು ಟುಸ್ ಎನ್ನಲಿಲ್ಲ.

ಅಂಥ ಸಪ್ಪಳವನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಹೊಗೆ ಸರಿದಾಗ ನಳಿಗೆಯ ಬಾಯಿ ಸುಲಿದ ಬಾಳೆಹಣ್ಣಿನ ಸಿಪ್ಪೆಯಂತೆ ನಾಲ್ಕು ಕಡೆ ಬಿಚ್ಚಿಕೊಂಡಿತ್ತು. ಕಾಕಾ ನೆಲದ ಮೇಲೆ ಕೂತಿದ್ದ. ಒಂದು ಹುಬ್ಬು ಇರಲಿಲ್ಲ. ಮೀಸೆಯ ಎಡಭಾಗ ಸುಟ್ಟು ಕರಿದಾರದಂತಾಗಿತ್ತು. ದೇವರು ದೊಡ್ಡವನು, ಇನ್ನೇನೂ ಆಗಿರಲಿಲ್ಲ. ನಾನು ಓಡಿಹೋಗಿ ಅವನ ಕೈ, ಕಣ್ಣು, ಎದೆ ಎಲ್ಲ ತಡವಿದೆ. ಬಾಯಿಂದ ಮಾತು ಹೊರಡುವ ಮೊದಲೇ ಹಿಂದಿನಿಂದ ಊರಿನ ಗೌಡ ಹೇಳಿದ:

"ಎರಡು ಸಲ ಮದ್ದು ತುಂಬಿರಬೇಕು. ವಯಸ್ಸಾತಲ್ಲ."

ಕಾಕಾ ಬೆರಳು ಮಡಚಿ ಎಣಿಸಿದ. ಮದ್ದು, ಚಿಂದಿ, ಗುಂಡು... ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿನಿಂದ ಎಣಿಸಿದ. ಆಮೇಲೆ ಮೆಲ್ಲಗೆ, "ಹೌದು, ತುಂಬಿರಬೇಕು," ಎಂದ.

ಊರನ್ನೆಲ್ಲ ಮಾತಿನಲ್ಲಿ ಮಾರುವ ನಾನು, ಆ ದಿನ ಸುಮ್ಮನಿದ್ದೆ.

ಮುಂದೆ ಆದದ್ದನ್ನು ನೋಡಲಿಕ್ಕೆ ಆಗುತ್ತಿರಲಿಲ್ಲ. ಕಾಕಾ ಎತ್ತು ಕಟ್ಟಿ ಮನೆಗೆ ಬರುತ್ತಿದ್ದ, ಅರ್ಧ ದಾರಿಯಿಂದ ತಿರುಗಿ ಹೋಗಿ ಹಗ್ಗ ಮುಟ್ಟಿ ನೋಡುತ್ತಿದ್ದ. ಬಾಗಿಲ ಚಿಲಕ ಹಾಕಿ ಮೂರು ಸಲ ಎಳೆಯುತ್ತಿದ್ದ. ಒಂದು ದಿನ ಕಾಕು ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಮುಂದೆ ಕಣ್ಣಿಗೆ ಸೆರಗು ಹಚ್ಚಿದಳು. "ಉಂಡು ಎದ್ದು ಕೈ ತೊಳಕೊಂಡ ಮ್ಯಾಲೆ, 'ನಾ ಉಂಡ್ನೇನ?' ಅಂತ ಕೇಳ್ತಾರವ್ವ. ಚೇಷ್ಟೆಕ್ಕ ಅಲ್ಲ, ಖರೇನ ಕೇಳ್ತಾರ." ಗೋಡೆಯ ಈಚೆ ಉಣ್ಣುತ್ತ ಕೂತಿದ್ದ ನಾನು ಕೈಯ ರೊಟ್ಟಿಯನ್ನು ನಾಯಿಗೆ ಹಾಕಿ ಎದ್ದೆ.

ಒಂದು ಸಂಜೆ ಕಾಕಾ ನನ್ನನ್ನು ಕರೆದ. ಒಡೆದ ಬಂದೂಕು ತೊಡೆಯ ಮೇಲಿತ್ತು.

"ಇದನ್ನ ಥಾಣೆಕ್ಕ ಒಪ್ಪಿಸಿ ಬಿಡ್ತೀನೋ."

"ಯಾಕ ಕಾಕಾ? ನಳಿಗಿ ಒಡದರ ನಳಿಗಿ ಬದಲಿ ಮಾಡಿಸಿದರಾತು."

"ನಳಿಗಿ ಬದಲಿ ಆಕ್ಕೈತಿ. ಕೈ ಬದಲಿ ಆಕ್ಕೈತೇನು? ಈ ಸಲ ನನ್ನ ಹುಬ್ಬು ಹೋತು. ಮುಂದಿನ ಸಲ ಬಾಜೂಕ ನಿಂತವರ ತಲಿ ಹೋದರ? ನೀನ ನಿಂತಿರ್ತಿ ಬಾಜೂಕ."

ನನ್ನ ತಲೆಯ ಚಿಂತೆ ಅವನಿಗೆ! ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು ಒಂದು ಜಾಣತನ ಮಾಡಿದೆ. "ಒಪ್ಪಸೂದಾದರ ಒಪ್ಪಸು, ಆದರ ಹಿಂಗ ಬಾಯಿ ಹರದದ್ದು ಒಯ್ದು ಕೊಟ್ಟರ ಅಮೀನ್ ಸಾಹೇಬರು ನಗಂಗಿಲ್ಲೇನು? ನಿಮ್ಮಪ್ಪನ ಬಂದೂಕ ಅದು," ಎಂದೆ. ಅಮೀನ್ ಸಾಹೇಬರೆಂದರೆ ಯಲಬುರ್ಗಾ ಥಾಣೆಯ ಪೊಲೀಸ್ ಅಧಿಕಾರಿ. ಅಪ್ಪನ ಮಾತು ಬಂದಾಗ ಕಾಕಾ ಮೆತ್ತಗಾದ. "ಖರೆ. ಛಲೋ ಮಾಡಿಸಿ ಒಪ್ಪಸೋಣು. ಆದರ ನನ್ನ ಹತ್ರ ಹೊಸಾ ನಳಿಗಿ ತರುವಷ್ಟು ಇಲ್ಲ. ಅಗ್ಗದ್ದು ನೋಡು. ಅಮೀನ್ ಸಾಹೇಬರ ಕಣ್ಣಿಗೆ ಬಂದೂಕ ಕಂಡಂಗ ಕಂಡರ ಸಾಕು." ಗಜದ ತುದಿಯಿಂದ ಮೊಳೆಗಳನ್ನು ಹೊರಗೆ ತಳ್ಳಿ, ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ ಕೊಟ್ಟ.

ನನ್ನ ಲೆಕ್ಕ ಬೇರೆಯಿತ್ತು. ಒಳ್ಳೆಯ ನಳಿಗೆ ಕೂತರೆ ಕಾಕಾನಿಗೆ ಮತ್ತೆ ಆಸೆ ಹುಟ್ಟುತ್ತದೆ, ಥಾಣೆಯ ಮಾತು ಮರೆಯುತ್ತಾನೆ, ನಾನು ಬಾಯಿ ಬಿಡಬೇಕಾಗುವುದಿಲ್ಲ. ಕಬ್ಬಿಣದಿಂದ ನನ್ನ ಪಾಪ ತೀರಿಸುವ ಹಂಚಿಕೆ ಅದು.

ಆಗ ನನ್ನ ಬಳಿ ಇದ್ದ ಬೆಲೆಬಾಳುವ ವಸ್ತು ಒಂದೇ, ನನ್ನ ಟಗರು. ಕಾಳಗದ ಟಗರು. ಅದರ ಹಣೆ ಕಲ್ಲು ಬಂಡೆ. ಕೊಪ್ಪಳದಿಂದ ಕುಷ್ಟಗಿಯವರೆಗೆ ಅದರ ಹೆಸರು ಕೇಳಿದರೆ ಉಳಿದ ಟಗರುಗಳ ಮಾಲೀಕರಿಗೆ ಹೊಟ್ಟೆನೋವು ಬರುತ್ತಿತ್ತು. ಅದರ ಕೊರಳಿಗೆ ಹಗ್ಗ ಹಾಕಿದ್ದನ್ನು ನೋಡಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತಳು.

"ಎಲ್ಲಿಗಿ ಸವಾರಿ?"

"ಕಾಕಾನ ನಳಿಗಿಗೆ."

"ಟಗರು ಕೊಟ್ಟು?" ಅವಳು ನನ್ನ ಮುಖವನ್ನೇ ನೋಡಿದಳು. "ನಮ್ಮಪ್ಪ ಜಡ್ಡಿಗೆ ಬಿದ್ದಾಗ ಸೈತ ಟಗರು ಕೊಡಾಕ ಒಲ್ಲೆ ಅಂದಿದ್ರಿ. ಏನ ಮಾಡೀರಿ, ಹೇಳ್ರಿ."

"ಏನೂ ಮಾಡಿಲ್ಲ."

"ಅಂದ್ರ ಭಾಳ ಮಾಡೀರಿ," ಎಂದು ಬುತ್ತಿ ಕಟ್ಟಿಕೊಟ್ಟಳು. ಬುತ್ತಿಯಲ್ಲಿ ಹುಣಸೆಹಣ್ಣೂ ಇತ್ತು. ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನಿನ್ನೂ ಕೇಳಿಲ್ಲ.

ಮೊದಲು ಕುಷ್ಟಗಿಗೆ ಹೋದೆ. ಅಲ್ಲೊಬ್ಬ ಕಮ್ಮಾರನ ಹತ್ತಿರ ಹಳೆಯ ಕೋಟೆಯ ಕಾಲದ ಬತ್ತಿಬಂದೂಕಿನ ನಳಿಗೆ ಇದೆಯೆಂದು ಕೇಳಿದ್ದೆ. ಇತ್ತು. ಅದನ್ನು ಎತ್ತಲು ನನಗೆ ಎರಡು ಕೈ ಬೇಕಾಯಿತು. ಒಳಗೆ ಬೆರಳು ಹಾಕಿದರೆ ಸಿಡುಬಿನ ಮುಖ ಮುಟ್ಟಿದಂತೆ, ತುಕ್ಕು ತಿಂದ ಕುಳಿಗಳು. "ಗಟ್ಟಿ ಐತ್ರಿ, ನೂರು ವರ್ಷ ಆದರೂ ಏನಾಗಿಲ್ಲ," ಎಂದ ಕಮ್ಮಾರ. "ಹೌದಪಾ, ಇದನ್ನ ಹೊತ್ತು ಹಂದಿ ಹಿಂದ ಓಡಿದರ ನೂರು ವರ್ಷ ಬೇಕು," ಎಂದು ನಾನು ಟಗರನ್ನು ಎಳೆದುಕೊಂಡು ಹೊರಟೆ.

ಕೊಪ್ಪಳದಲ್ಲಿ ಅರಳೆ ಕಾರ್ಖಾನೆಯ ಹಿಂದೆ ಹಳೆಯ ಕಬ್ಬಿಣ ಮಾರುವವನೊಬ್ಬ ಉಗಿಯ ಕೊಳವೆ ತೋರಿಸಿದ. ಹೊಳೆಯುತ್ತಿತ್ತು, ನೇರವಾಗಿತ್ತು, ಹಗುರಾಗಿತ್ತು. ಬೆಲೆಯೋ, ಟಗರಿನ ಒಂದು ಕೋಡಿಗೂ ಸಮವಲ್ಲ.

"ಇದರಾಗ ಉಗಿ ಹೋಗತಿತ್ರಿ. ಉಗಿ ತಡಕೊಂಡದ್ದು ಮದ್ದು ತಡ್ಯಂಗಿಲ್ಲೇನು?"

ಸುಳ್ಳು ಯಾಕೆ ಹೇಳಲಿ, ಮನಸ್ಸು ಜಾರಿತು. ಹೇಗೂ ಕಾಕಾ ಅದನ್ನು ಥಾಣೆಗೆ ಕೊಡುವವನು, ಟಗರು ಉಳಿಯುತ್ತದೆ. ಕೊಳವೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದೆ. ಉದ್ದಕ್ಕೂ ಕೂದಲೆಳೆಯಂಥ ಗೆರೆ ಕಂಡಿತು, ತಗಡನ್ನು ಸುತ್ತಿ ಬೆಸೆದ ಗೆರೆ. ಕಾಕಾನ ಹುಬ್ಬಿಲ್ಲದ ಮುಖ ಕಣ್ಣ ಮುಂದೆ ಬಂತು. ಒಂದು ವೇಳೆ ಅವನು ಥಾಣೆಗೆ ಕೊಡದೆ, ಇದಕ್ಕೇ ಮದ್ದು ತುಂಬಿ ಕೆನ್ನೆಗೆ ಹಚ್ಚಿಕೊಂಡರೆ? ಕೊಳವೆಯನ್ನು ಅಲ್ಲೇ ಇಟ್ಟೆ. ಟಗರು ನನ್ನನ್ನು ನೋಡಿತು. "ನಿನ್ನ ನಸೀಬ ನೆಟ್ಟಗಿಲ್ಲ ಮಗನ," ಎಂದೆ.

ಗಂಗಾವತಿಗೆ ಮುಟ್ಟಿದಾಗ ಇಬ್ಬರ ಕಾಲೂ ಸೋತಿದ್ದವು. ಒಣ ನೆಲದವರಾದ ನಮಗೆ ಅಲ್ಲಿಯ ಕಾಲುವೆ, ಭತ್ತದ ಗದ್ದೆ ಕಂಡರೆ ಬೇರೆ ದೇಶಕ್ಕೆ ಬಂದ ಹಾಗೆ. ಟಗರಂತೂ ಗದ್ದೆಗೆ ಬಾಯಿ ಹಾಕಿ ಎರಡು ಕಡೆ ನನಗೆ ಬೈಗುಳ ತಿನ್ನಿಸಿತು. ಮಸೀದಿಯ ಹಿಂದಿನ ಓಣಿಯಲ್ಲಿ ಬಂದೂಕು ರಿಪೇರಿಯ ಉಸ್ತಾದರ ಅಂಗಡಿ. ಬಿಳಿಗಡ್ಡ, ದಾರ ಕಟ್ಟಿದ ಚಷ್ಮಾ. ಅವರು ಮೊದಲು ನೋಡಿದ್ದು ನನ್ನನ್ನಲ್ಲ, ಟಗರನ್ನು.

"ಎಷ್ಟು ಕಾಳಗ ಗೆದ್ದೈತಿ?"

"ಹನ್ನೊಂದು."

"ಸೋತದ್ದು?"

"ಸೋತದ್ದನ್ನ ನಾ ಎಣಿಸಂಗಿಲ್ರಿ ಉಸ್ತಾದ್."

ಗಡ್ಡದೊಳಗೇ ನಕ್ಕರು. ಕಂಬಳಿ ಬಿಚ್ಚಿ ಒಡೆದ ನಳಿಗೆ ಮುಂದಿಟ್ಟೆ. "ವಯಸ್ಸಾದ ಮನುಷ್ಯಾ, ಎರಡು ಸಲ ಮದ್ದು ತುಂಬ್ಯಾನ್ರಿ," ಎಂದೆ. ನನ್ನ ಬಾಯಿಂದಲೇ ಆ ಮಾತು ಬಂತು ನೋಡಿ. ಉಸ್ತಾದರು ನಳಿಗೆಯ ಬುಡವನ್ನು ಬೆರಳಿನಿಂದ ಸವರಿದರು. ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿ ಕೊಟ್ಟರು. ಆಮೇಲೆ ಹರಿದ ಬಾಯಿಯ ಕಡೆ ತಿರುಗಿಸಿ ಒಳಗಿನ ಕರಿಯನ್ನು ಉಗುರಿನಿಂದ ಕೆರೆದು, ಮೂಸಿ, ನಾಲಿಗೆಗೆ ಹಚ್ಚಿದರು.

"ಅರೇ ಬೇಟಾ, ಬಂದೂಕಿನಾಗ ಸಾರು ಕುದಿಸಿದ್ದೇನು?"

ನಾನು ಟಗರಿನ ಹಗ್ಗದ ಗಂಟು ಸರಿಮಾಡತೊಡಗಿದೆ.

"ಎರಡು ಸಲ ಮದ್ದು ತುಂಬಿದ್ದರ ಬುಡ ಒಡೀಬೇಕಿತ್ತು. ಮದ್ದು ಕೂಡೋದು ಬುಡದಾಗ. ಬುಡ ನೋಡು, ಮದುವಿ ಹೆಣ್ಣಿನಂಗ ಐತಿ. ಒಡದದ್ದು ಬಾಯಾಗ. ಬಾಯಾಗ ಏನೋ ಅಡ್ಡ ಇತ್ತು. ಹುಳಿ ಇತ್ತು." ಚಷ್ಮಾ ಮೇಲೆತ್ತಿ ನನ್ನನ್ನು ನೋಡಿದರು. "ಆ ಮನುಷ್ಯಾ ಏನಾಗಬೇಕು ನಿನಗ?"

"ಕಾಕಾ."

"ಜೀವಂತ ಅದಾರೇನು?"

"ಅದಾರ್ರಿ."

"ಅಲ್ಹಮ್ದುಲಿಲ್ಲಾ," ಎಂದು ದೇವರನ್ನು ನೆನೆದು, ಮುಂದೆ ಆ ವಿಷಯ ಎತ್ತದೆ ನಳಿಗೆ ತೋರಿಸಲು ಎದ್ದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಗೋಡೆಯ ಮೇಲೆ ಮೂರು ನಳಿಗೆ. ಒಂದು ವಿಲಾಯತಿ, ಎಂಟು ಮೂಲೆಯದು. ಅದರ ಬೆಲೆಗೆ ನನ್ನ ಟಗರಿನ ವಂಶವೇ ಬೇಕಿತ್ತು. ಇನ್ನೊಂದು ಹೊಸ ಹೊಳಪಿನದು. ಮೂರನೆಯದು ಎರಡು ನಳಿಗೆಯ ಹಳೆಯ ಬಂದೂಕೊಂದನ್ನು ಬಿಚ್ಚಿ ಉಳಿಸಿಕೊಂಡ ಒಂಟಿ ನಳಿಗೆ. ಬಣ್ಣ ಹೋಗಿ, ಒಂದು ಮಗ್ಗುಲಿಗೆ ಬೆಸುಗೆಯ ಕಲೆ ಉಳಿದು, ಹೆಂಡತಿ ಬಿಟ್ಟುಹೋದ ಗಂಡನಂತೆ ಮೂಲೆಯಲ್ಲಿತ್ತು. ನಾನು ಹೊಳಪಿನದಕ್ಕೆ ಕೈ ಹಾಕಿದೆ. ಉಸ್ತಾದರು ನನ್ನ ಕೈ ಮೇಲೆ ಹೊಡೆದರು.

"ಕಣ್ಣಿಂದ ನಳಿಗಿ ಆರಿಸಬ್ಯಾಡ. ಕಿವಿಯಿಂದ ಆರಿಸು."

ಎರಡನ್ನೂ ದಾರ ಕಟ್ಟಿ ತೂಗು ಹಾಕಿ ತಟ್ಟಿದರು. ಹೊಳಪಿನದು ಠಕ್ ಎಂದು ಸುಮ್ಮನಾಯಿತು. ಕಲೆಯದು ದೇವರ ಗಂಟೆಯ ಹಾಗೆ ಎಳೆದು ಎಳೆದು ನುಡಿಯಿತು. ಅದನ್ನು ಬೆಳಕಿಗೆ ಹಿಡಿದು ನನಗೆ ಒಳಗೆ ನೋಡಲು ಹೇಳಿದರು: ಒಂದರೊಳಗೊಂದು ಬೆಳಕಿನ ಬಳೆಗಳು, ಎಲ್ಲೂ ಸೊಟ್ಟ ಇಲ್ಲ. ಬುಡ ಮುಚ್ಚಿ ನೀರು ತುಂಬಿ, ಹೊರಗೆಲ್ಲ ಬೂದಿ ಸವರಿ ಮಧ್ಯಾಹ್ನದವರೆಗೆ ನಿಲ್ಲಿಸಿದರು. ಕಾಣದ ಬಿರುಕಿದ್ದರೆ ಬೂದಿಯ ಮೇಲೆ ತೇವದ ಗೆರೆ ಮೂಡುತ್ತದಂತೆ. ಬೂದಿ ಒಣಗಿಯೇ ಇತ್ತು. ಕೊನೆಗೆ ಹಳೆಯ ನಳಿಗೆಯ ಬುಡದ ತಿರುಪನ್ನು ತೆಗೆದು ಇದಕ್ಕೆ ಕೂರಿಸಿ, ಊರ ಹೊರಗೆ ಬಂಡೆಗಳ ನಡುವೆ ಅದನ್ನು ಕಟ್ಟಿ, ಬೇಕೆಂದೇ ಎರಡು ಪಾಲು ಮದ್ದು ತುಂಬಿ, ಉದ್ದನೆಯ ಬತ್ತಿ ಹಚ್ಚಿ ನಾವು ದೂರ ಕೂತೆವು. ಗುಡ್ಡವೆಲ್ಲ ಗುಡುಗಿತು. ಟಗರು ನನ್ನ ಹಿಂದೆ ಅಡಗಿತು. ಹನ್ನೊಂದು ಕಾಳಗ ಗೆದ್ದದ್ದು! ನಳಿಗೆಗೆ ಏನೂ ಆಗಿರಲಿಲ್ಲ.

"ನೋಡಿದಿ? ಛಲೋ ನಳಿಗಿ ಮುದುಕರ ಮರವು ತಡೀತದ. ಹುಡುಗರ ಚೇಷ್ಟೆ ತಡ್ಯಂಗಿಲ್ಲ. ನಿಮ್ಮ ಕಾಕಾನ ಹಳೇ ನಳಿಗಿನೂ ಇಂಥಾದ್ದ."

ಟಗರಿಗೂ ನಳಿಗೆಗೂ ಸರಿ ಹೋಯಿತು. ಹೊರಡುವಾಗ ಉಸ್ತಾದರು ಒಡೆದ ನಳಿಗೆಯನ್ನು ನನ್ನ ಕಂಬಳಿಯಲ್ಲಿ ಸುತ್ತಿಟ್ಟರು. "ಇದು ನನಗ ಬ್ಯಾಡ. ತುಂಬಿದವರಿಗೆ ತೋರ್ಸು. ಅವರಿಗೆ ಓದಾಕ ಬರ್ತದ." ಟಗರಿನ ಕೊರಳು ತಬ್ಬಿಕೊಂಡು ನಾನು ಅಲ್ಲಿ ಏನು ಮಾಡಿದೆ ಎನ್ನುವುದನ್ನು ನಿಮಗೆ ಹೇಳುವುದಿಲ್ಲ. ಅದು ನನ್ನನ್ನು ಮರೆತು ಉಸ್ತಾದರ ಕೈಯ ಸೊಪ್ಪಿಗೆ ಹೋದದ್ದನ್ನಂತೂ ಹೇಳಲೇಬಾರದು.

ಊರಿಗೆ ಬಂದು ಒಡೆದ ನಳಿಗೆಯನ್ನು ನಮ್ಮ ಬಣವೆಯಲ್ಲಿ ಹುಗಿದೆ. ಹೊಸದನ್ನು ಕಾಕಾನಿಗೆ ಕೊಟ್ಟೆ. ಕಾಕಾ ಅದನ್ನು ತಟ್ಟಿದ. ನುಡಿಯಿತು. ಅವನ ಮುಖದಲ್ಲಿ ಏನೋ ಮಿನುಗಿ ಆರಿತು. ನಾಲ್ಕು ದಿನ ಕೂತು ಹಿಡಿಗೆ ಹೊಂದಿಸಿದ, ಎಣ್ಣೆ ಕುಡಿಸಿದ, ಮೊಳೆ ಬಡಿದ. ಒಮ್ಮೆಯೂ ಮದ್ದಿನ ಚೀಲ ಮುಟ್ಟಲಿಲ್ಲ. ಕಾರಹುಣ್ಣಿಮೆ ಹತ್ತಿರ ಬಂತು. ಒಂದು ಬೆಳಿಗ್ಗೆ ಬಂದೂಕನ್ನು ಕಾಕುವಿನ ಹಳೆಯ ಸೀರೆಯಲ್ಲಿ ಸುತ್ತಿ, ಪರವಾನಗಿಯ ಕೊಳವೆಯನ್ನು ಬಗಲಿಗೆ ಹಾಕಿಕೊಂಡು ಚಾವಡಿಯ ಮುಂದೆ ಬಂದು ನಿಂತ. ಯಲಬುರ್ಗಾ ದಾರಿ ಹಿಡಿಯುವ ಮೊದಲು ಹಿರಿಯರಿಗೆ ಹೇಳಿ ಹೋಗಬೇಕೆಂದು. ಗೌಡ, "ಶಾಣ್ಯಾ ಕೆಲಸ ಮಾಡಿದಿ," ಎಂದ. ಕಾಕಾ ಎಲ್ಲರಿಗೂ ಕೈ ಮುಗಿದ. ಮೂವತ್ತು ವರ್ಷ ಆ ಜನರ ಹೊಲ ಕಾಯ್ದ ಕೈ.

ನಾನು ಬಣವೆಗೆ ಓಡಿದೆ. ನಳಿಗೆ ಎಳೆದುಕೊಂಡು, ಮೈತುಂಬ ಹುಲ್ಲು ಮೆತ್ತಿಕೊಂಡು ಚಾವಡಿಗೆ ಬಂದೆ.

"ಕಾಕಾ, ತಡಿ. ನೀ ಎರಡು ಸಲ ತುಂಬಿಲ್ಲ. ನೀ ಮುಖ ತೊಳಿಯಾಕ ಇಳದಾಗ ನಾ ಬಾಯಾಗ ಹುಣಸಿಹಣ್ಣು ತುರುಕಿದ್ನಿ."

ಚಾವಡಿಯೆಲ್ಲ ಗೊಳ್ಳೆಂದಿತು.

"ಏ, ಇವತ್ತರ ಸುಮ್ಮನ ಇರೋ ಮಾರಾಯ!" ಎಂದ ಗೌಡ. "ಹುಣಸಿಹಣ್ಣಂತ! ಬೆಲ್ಲಾ ಹಾಕಿದ್ದಿಲ್ಲೇನು?"

ಜೀವಮಾನವೆಲ್ಲ ಸುಳ್ಳು ಹೇಳಿ ನಂಬಿಸಿದವನು ನಾನು. ಮೊದಲ ಸಲ ನಿಜ ಹೇಳಿದರೆ ಒಬ್ಬನೂ ನಂಬಲಿಲ್ಲ. ಕಾಕಾ ನನ್ನ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣು ತುಂಬಿತ್ತು. "ನನ್ನ ಸಮಾಧಾನಕ್ಕ ಹೇಳಾಕತ್ತಿ. ಗೊತ್ತೈತೋ. ನಿಮ್ಮಪ್ಪನ ಮಗ ನೀ."

"ಸಮಾಧಾನ ಅಲ್ಲ ಕಾಕಾ! ನೆಕ್ಕಿ ನೋಡು!"

ಒಡೆದ ಬಾಯನ್ನು ಅವನ ಮುಖಕ್ಕೇ ಹಿಡಿದೆ. ಮತ್ತೆ ನಗು ಎದ್ದಿತು, ಆದರೆ ಕಾಕಾ ನಗಲಿಲ್ಲ. ನಳಿಗೆಯನ್ನು ಇಸಿದುಕೊಂಡು ಬುಡ ನೋಡಿದ. ಬಾಯಿ ನೋಡಿದ. ಮತ್ತೆ ಬುಡ ನೋಡಿದ. ಅಷ್ಟು ದಿನ ನಾಚಿಕೆಯಿಂದ ಅವನು ಅದನ್ನು ಕಣ್ಣಿಟ್ಟು ನೋಡಿಯೇ ಇರಲಿಲ್ಲ. ಕಿರುಬೆರಳು ಒಳಗೆ ಹಾಕಿ ಕೆರೆದು ನಾಲಿಗೆಗೆ ಮುಟ್ಟಿಸಿದ.

"ಹುಳಿ ಐತಿ," ಎಂದ.

ನಗು ನಿಂತಿತು. ಗೌಡ ಕಟ್ಟೆಯಿಂದ ಇಳಿದು ಬಂದು ತಾನೂ ಬೆರಳು ಹಾಕಿ ನೆಕ್ಕಿದ. ಅವನ ಹಿಂದೆ ಇನ್ನೊಬ್ಬ. ನಾಲ್ಕೈದು ಹಿರಿಯರು ಸಾಲಾಗಿ ನಿಂತು ಬಂದೂಕಿನ ನಳಿಗೆ ನೆಕ್ಕುವುದನ್ನು ನಾನು ಬೇರೆ ದಿನ ಕಂಡಿದ್ದರೆ ಸಾಯುವವರೆಗೆ ನಗುತ್ತಿದ್ದೆ.

ಕಾಕಾ ಬೆರಳು ಮಡಚಿದ. "ಮದ್ದು. ಚಿಂದಿ. ಗುಂಡು. ಚಿಂದಿ. ಟೋಪಿ." ನನ್ನನ್ನು ನೋಡಿದ. "ಒಂದ ಸಲ ತುಂಬಿದ್ನಿ?"

"ಒಂದ ಸಲ ಕಾಕಾ."

"ಖರೇನ?"

"ಖರೆ. ನಾ ನಿಂತು ನೋಡೀನಿ. ಐದೂ ಮಾತು ಕೇಳೀನಿ."

"ಒಂದ ಸಲ," ಎಂದು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ, ಕಳೆದ ವಸ್ತು ಸಿಕ್ಕವನಂತೆ. ಸೀರೆ ಬಿಚ್ಚಿ ಬಂದೂಕು ತೆಗೆದ. ಬಂದೂಕಿನಿಂದ ಗಜ ಎಳೆದ. ಅದರಿಂದ ನನ್ನ ಮೀನಖಂಡಕ್ಕೆ ಹೊಡೆದ ಏಟಿಗೆ ನಾನು ಚಾವಡಿಯ ಕಟ್ಟೆ ಹಾರಿ ಆಚೆ ಬಿದ್ದೆ. ಎರಡನೆಯದು ಬೆನ್ನಿಗೆ. ಮೂರನೆಯದಕ್ಕೆ ಗೌಡ ಅಡ್ಡ ಬಂದ. ಅದರ ಅರ್ಧ ಅವನಿಗೂ ಬಿತ್ತು, ಅದೊಂದು ಸಮಾಧಾನ.

ಆಮೇಲೆ ಕಾಕಾ ಯಲಬುರ್ಗಾ ದಾರಿ ಹಿಡಿದೇ ಬಿಟ್ಟ. ನಾನು ಕುಂಟುತ್ತ ಹಿಂದೆ ಓಡಿದೆ. "ಎಲ್ಲಿಗಿ ಕಾಕಾ? ಎಲ್ಲಾ ಹೇಳೀನಲ್ಲ!"

"ನಳಿಗಿ ಬದಲಾತಂತ ಕಾಗದದಾಗ ಬರಸಬೇಕಲ್ಲೋ. ಬಿತ್ತಿಗಿ ದಿನ ಬಂತು, ಹಂದಿ ಕಾಯ್ತಾವೇನು? ಆ ಒಡದದ್ದು ನೀ ಹೊತಗೊಂಡು ಬಾ. ಅಮೀನ್ ಸಾಹೇಬರು ಹೆಂಗ ಒಡೀತಂತ ಕೇಳತಾರ. ನೀನ ಹೇಳು."

"ಅವರೂ ನೆಕ್ಕತಾರೇನು ಕಾಕಾ?"

ಹಿಂದಿರುಗಿ ನೋಡಲಿಲ್ಲ. ಆದರೆ ಹೆಗಲು ಕುಲುಕಿದ್ದನ್ನು ನಾನು ಕಂಡೆ.

ಮುಂದಿನ ಯುಗಾದಿಯ ಬೇಟೆಗೆ ಕಾಕಾ ಬಂದೂಕು ಎತ್ತುವ ಮುನ್ನ ನಳಿಗೆಯ ಬಾಯಿಗೆ ಕಿರುಬೆರಳು ಹಾಕಿ, ನಾಲಿಗೆಗೆ ಹಚ್ಚಿ, ನನ್ನ ಕಡೆ ನೋಡಿದ. "ಮದ್ದಿನ ಉಪ್ಪು ಐತಿ, ಹುಳಿ ಇಲ್ಲ. ನಡೀರಿ." ಒಂದೇ ಹೊಡೆತಕ್ಕೆ ಹಂದಿ ಬಿತ್ತು. ಪಾಲು ಹಾಕಿದರು. ಬಂದೂಕಿನ ಪಾಲು ಎತ್ತಿಡುವಾಗ ನಾನು ಕೆಮ್ಮಿದೆ. "ಕಾಕಾ, ನ್ಯಾಯ ಅಂದ್ರ ನ್ಯಾಯ. ಹಿಡಿ ನಿಂದು, ಕುದುರಿ ನಿಂದು. ನಳಿಗಿ ನನ್ನ ಟಗರಿಂದು."

"ಖರೆ ಐತಿ," ಎಂದ ಕಾಕಾ, ಬಹಳ ಗಂಭೀರವಾಗಿ. "ನಳಿಗಿ ಟಗರಿಂದು. ಪಾಲಿನಾಗ ಅರ್ಧ ಟಗರಿಂದು. ಟಗರು ಮಾಂಸ ತಿನ್ನಂಗಿಲ್ಲ. ನಾಯಿಗೆ ಹಾಕ್ರಿ."

ಹಾಕಿದರು. ಎಲ್ಲಕ್ಕಿಂತ ಮುಂದೆ ಓಡಿ ಬಾಯಿ ಹಾಕಿದ್ದು ನಮ್ಮ ಮನೆಯ ನಾಯಿಯೇ.

ಸಂಜೆ ಕಾಕು ಬಟ್ಟಲು ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ಉಳಿದರ್ಧ ಪಾಲು, ಬಂದೂಕಿನ ಮುಂದಿಟ್ಟು ತಂದದ್ದು. "ಅವರ ಕೊಟ್ಟ ಕಳಿಸ್ಯಾರ. ನಾ ನಿಂತು ತಿನ್ನಿಸಿ ಬರಬೇಕಂತ," ಎಂದು ಎದುರಿಗೇ ಕೂತಳು. ಆಸೆಯಿಂದ ಮೊದಲ ತುತ್ತು ಬಾಯಿಗಿಟ್ಟೆ. ಹಲ್ಲು ಚುಳ್ಳೆಂದವು, ಕಣ್ಣು ತಾವೇ ಮುಚ್ಚಿದವು. ಒಂದು ಮರದ ಹುಣಸೆಹಣ್ಣನ್ನೆಲ್ಲ ಅದರಲ್ಲಿ ಹಿಂಡಿದ್ದರು. ನನ್ನ ಹೆಂಡತಿ ಕಂಬಕ್ಕೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಹೆಂಗ ಐತಿ?" ಎಂದಳು ಕಾಕು.

"ಛಲೋ ಐತಿ," ಎಂದೆ. ಒಂದು ತುಣುಕೂ ಬಿಡದೆ ತಿಂದೆ.